ಆ ವಾರ್ಡಿಗೂ ಹಣ್ಣು ತೆಗೆದುಕೊಂಡು ಹೋಗೋಣ

ವಾಚನಕ್ಕೆ: ಅರಸುಗಳ ಮೊದಲನೆಯ ಗ್ರಂಥ 19:1-8, ಸಿರಾಖ 38:1-14



ನಮ್ಮ ಧರ್ಮಕೇಂದ್ರದಲ್ಲಿ ಯಾರಿಗಾದರೂ ಅಪೆಂಡಿಕ್ಸ್ ಆಪರೇಷನ್ ಆಯಿತೆನ್ನಿ. ಭಾನುವಾರದ ಬಲಿಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಪೂಜೆ ಮುಗಿದು ಹೊರಗೆ ಬರುವಾಗಲೇ ನಾಲ್ಕು ಜನ ಸೇರಿ, "ಸಂಜೆ ಹೋಗಿ ನೋಡಿಕೊಂಡು ಬರೋಣ" ಎಂದು ಮಾತಾಡಿಕೊಳ್ಳುತ್ತೇವೆ. ಕಿತ್ತಳೆ ಹಣ್ಣು, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ ಹಿಡಿದು ಮಂಚದ ಸುತ್ತ ನಿಲ್ಲುತ್ತೇವೆ. ಇದು ನಮ್ಮ ಒಳ್ಳೆಯ ರೂಢಿ. ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ಚಿಕ್ಕಂದಿನಲ್ಲೇ ಧರ್ಮೋಪದೇಶದಲ್ಲಿ ಕಲಿತವರು ನಾವು.

ಆದರೆ ನಮ್ಮ ಬೀದಿಯ ಒಬ್ಬ ತಾಯಿಯ ಮಗ 24 ದಿನ ಆಸ್ಪತ್ರೆಯಲ್ಲಿದ್ದಾಗ ಯಾರೂ ಹೋಗಲಿಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗ. ರಾತ್ರಿ ನಿದ್ದೆ ಬಿಟ್ಟ, ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳಿದ, ಕಾಣದವರ ಮಾತಿಗೆ ಉತ್ತರ ಕೊಡತೊಡಗಿದ. ಮನೆಯವರು ನೊವೆನಾ ಮಾಡಿಸಿದರು, ಹರಕೆ ಹೊತ್ತರು, ಎರಡು ಕಡೆ ಧ್ಯಾನಕೂಟಕ್ಕೆ ಕರೆದೊಯ್ದರು. ಹೀಗೆ ಏಳು ತಿಂಗಳು ಕಳೆದ ಮೇಲೆ ಮನೋರೋಗ ವಿಭಾಗಕ್ಕೆ ಸೇರಿಸಿದರು. ಊರಿಗೆಲ್ಲ ಹೇಳಿದ್ದು ಮಾತ್ರ, "ಮೈಸೂರಿಗೆ ಸೋದರಮಾವನ ಮನೆಗೆ ಹೋಗಿದ್ದಾನೆ" ಎಂದು. ಆ ತಾಯಿ ದಿನಾ ಬೆಳಿಗ್ಗೆ ಟಿಫಿನ್ ಕ್ಯಾರಿಯರ್ ಹಿಡಿದು ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಎಷ್ಟೋ ದಿನಗಳ ಮೇಲೆ ಆಕೆ ನನ್ನೊಡನೆ ಹೇಳಿದ್ದು ಇಷ್ಟು: "ಅಕ್ಕಾ, ಕಾಯಿಲೆಗಿಂತ ಹೆಚ್ಚು ನನ್ನನ್ನು ಸುಟ್ಟಿದ್ದು ಆ ಸುಳ್ಳು. ಒಳಗೆ ಏನು ಮಾಡ್ತಾರೋ ಅನ್ನೋ ಹೆದರಿಕೆ ಒಂದು ಕಡೆ. ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ ಅನ್ನೋದು ಇನ್ನೊಂದು ಕಡೆ."

ನಾನು ತಲೆ ತಗ್ಗಿಸಿದೆ. ಏಕೆಂದರೆ ನನಗೆ ಅನುಮಾನ ಇತ್ತು. ದೇವಾಲಯದ ಬಾಗಿಲಲ್ಲಿ ಆಕೆಯನ್ನು, "ಮಗ ಹೇಗಿದ್ದಾನೆ?" ಎಂದು ಕೇಳಿದ್ದೆ. "ಮೈಸೂರಲ್ಲಿ ಚೆನ್ನಾಗಿದ್ದಾನೆ" ಎಂದಾಗ ಸುಮ್ಮನೆ ನಂಬಿದಂತೆ ಮಾಡಿದ್ದೆ. ಆ ಸುಳ್ಳು ಆಕೆಗೆ ಎಷ್ಟು ಭಾರವಾಗಿತ್ತೋ ನನಗೆ ಅಷ್ಟೇ ಅನುಕೂಲವಾಗಿತ್ತು.

ಗೊತ್ತಿಲ್ಲದ್ದಕ್ಕೆ ಹೆದರುವುದು ಮನುಷ್ಯ ಸ್ವಭಾವ. ಆದ್ದರಿಂದ ಆ ಬಾಗಿಲ ಒಳಗೆ ಏನು ನಡೆಯುತ್ತದೆ ಎಂಬುದನ್ನು ಈ ವಾರ ಕುಟುಂಬದವರೆಲ್ಲ ಕೂತು ತಿಳಿದುಕೊಳ್ಳೋಣ.

ಎಲೀಯನಿಗೆ ದೇವರು ಮೊದಲು ಕೊಟ್ಟದ್ದು

ಪ್ರವಾದಿ ಎಲೀಯ ಸಾಮಾನ್ಯ ಮನುಷ್ಯನಲ್ಲ. ಕಾರ್ಮೆಲ್ ಬೆಟ್ಟದ ಮೇಲೆ ಒಂಟಿಯಾಗಿ ನಿಂತ ಧೀರ. ಅಂಥವನೇ ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಸಿದು ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ಆಗ ದೇವದೂತ ಬಂದು ಅವನಿಗೆ ಬುದ್ಧಿವಾದ ಹೇಳಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಿಸಲೂ ಇಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಬಾರಿ ಬಂದು ಮತ್ತೆ ಉಣಿಸಿದ. ಹೋಗುವ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡ. ಹೋರೇಬ್ ಬೆಟ್ಟದಲ್ಲಿ ದೇವರು ಮಾತನಾಡಿದ್ದು ಇದೆಲ್ಲ ಆದ ಮೇಲೆ.

ಮನೋರೋಗ ವಿಭಾಗದಲ್ಲಿ ಮೊದಲ ಕೆಲವು ದಿನ ನಡೆಯುವುದೂ ಇದೇ: ಊಟ, ನಿದ್ದೆ, ಪಕ್ಕದಲ್ಲಿ ಒಬ್ಬರ ಕಾವಲು. ಸಿರಾಖನೂ ಇದನ್ನೇ ಕಲಿಸುತ್ತಾನೆ. ಕಾಯಿಲೆಯಾದಾಗ ಪ್ರಾರ್ಥಿಸು, ಆಮೇಲೆ ವೈದ್ಯನಿಗೆ ಅವನ ಸ್ಥಾನ ಕೊಡು, ಅವನನ್ನೂ ಸೃಷ್ಟಿಸಿದವನು ಪ್ರಭುವೇ ಎನ್ನುತ್ತಾನೆ.

ಯಾರನ್ನು ಸೇರಿಸಿಕೊಳ್ಳುತ್ತಾರೆ?

ಮನಸ್ಸಿನ ಕಾಯಿಲೆ ಇರುವ ಹೆಚ್ಚಿನವರಿಗೆ ಆಸ್ಪತ್ರೆ ಸೇರುವ ಅಗತ್ಯವೇ ಬರುವುದಿಲ್ಲ. ಹೊರರೋಗಿಗಳಾಗಿ ಬಂದು, ಮಾತ್ರೆ ತೆಗೆದುಕೊಂಡು, ಕೆಲಸಕ್ಕೆ ಹೋಗುತ್ತಾ ಬದುಕುತ್ತಾರೆ. ನಮ್ಮ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ.

ಒಳರೋಗಿಯಾಗಿ ಸೇರಿಸುವ ಕಾರಣಗಳು ಬೇರೆ. ಪ್ರಾಣ ಕಳೆದುಕೊಳ್ಳುವ ಮಾತು ಅಥವಾ ಯತ್ನ. ತನಗೋ ಇತರರಿಗೋ ಅಪಾಯವಾಗುವಷ್ಟು ಉದ್ವೇಗ. ಊಟ ನಿದ್ದೆ ಪೂರ್ತಿ ಬಿಟ್ಟಿರುವುದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ಮಂಕಾಗುವುದು ಅಥವಾ ತೀರಾ ಗೊಂದಲಕ್ಕೆ ಬೀಳುವುದು. ಔಷಧ ಬದಲಿಸುವಾಗ ಹತ್ತಿರದಿಂದ ನೋಡಬೇಕಾಗುವುದು. ಇನ್ನೊಂದನ್ನು ನಮ್ಮ ಕುಟುಂಬಗಳಿಗೆ ಒತ್ತಿ ಹೇಳಬೇಕು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. "ತಪಸ್ಸು ಕಾಲದಲ್ಲಿ ಬಿಟ್ಟುಬಿಡುತ್ತೇನೆ" ಎಂದು ಹರಕೆ ಹೊರುವ ಹಳೆಯ ಕುಡುಕನಿಗೆ ಹರಕೆಯ ಜೊತೆಗೆ ವೈದ್ಯರೂ ಬೇಕು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆಗಳು. ನಮ್ಮ ಧರ್ಮಸಭೆಯವೇ ಆದ ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗಗಳಿವೆ.

ಮೊದಲ ದಿನ

ಮೊದಲ ದಿನ ಹೆಚ್ಚು ಹೊತ್ತು ಹಿಡಿಯುವುದು ಪ್ರಶ್ನೆಗಳಿಗೆ. ಯಾವಾಗ ಶುರುವಾಯಿತು, ನಿದ್ದೆ ಹೇಗೆ, ಮನೆತನದಲ್ಲಿ ಯಾರಿಗಾದರೂ ಇತ್ತೇ, ಕುಡಿತ ಇದೆಯೇ, ಮೊದಲು ಯಾವ ಮಾತ್ರೆ ಕೊಟ್ಟಿದ್ದರು? ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆ ಕೂರಿಸಿ ಕೇಳಬಹುದು. ಇಲ್ಲಿ ಮರ್ಯಾದೆಗೆ ಅಂಜಿ ಏನನ್ನೂ ಬಚ್ಚಿಡಬಾರದು. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಮೇಲೆ ಕಾನೂನೇ ಹೊರಿಸಿರುವ ಹೊಣೆ.

ಆಮೇಲೆ ರಕ್ತಪರೀಕ್ಷೆ, ಇ.ಸಿ.ಜಿ., ಬೇಕಾದರೆ ತಲೆಯ ಸ್ಕ್ಯಾನ್. "ಮನಸ್ಸಿನ ಕಾಯಿಲೆಗೆ ರಕ್ತ ಏಕೆ?" ಎಂದು ಕೇಳುವವರಿದ್ದಾರೆ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಮಿದುಳಿನ ಸೋಂಕು ಇವೆಲ್ಲ ಮನೋರೋಗದ ಹಾಗೆಯೇ ತೋರಬಹುದು. ಅವು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟೆಗಳು, ಆಧಾರ್ ಮತ್ತು ಪಡಿತರ ಚೀಟಿ, ಸಡಿಲವಾದ ಹತ್ತಿ ಬಟ್ಟೆ, ಚಪ್ಪಲಿ ತೆಗೆದುಕೊಳ್ಳಿ. ಒಡವೆ, ಹಣ ಬೇಡ. ಬ್ಲೇಡು, ಬೆಲ್ಟು, ಲಾಡಿ, ಗಾಜಿನ ಬಾಟಲಿ, ಚಾರ್ಜರ್ ವೈರು, ಕೆಲವು ಕಡೆ ದುಪಟ್ಟಾ ಕೂಡ ನರ್ಸ್ ತೆಗೆದಿಡುತ್ತಾರೆ.

ಜಪಸರ, ಕೊರಳಿನ ದಾರದ ಉತ್ತರೀಯ ಇವನ್ನೂ ತೆಗೆದಿಡಬಹುದು. ಒಬ್ಬ ಅಜ್ಜಿ ಇದಕ್ಕೆ ಅತ್ತುಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಇದು ನಮ್ಮ ಧರ್ಮಕ್ಕೆ ಮಾಡುವ ಅವಮಾನವಲ್ಲ. ಪ್ರಾಣ ಬೇಡವೆನ್ನುವ ಸ್ಥಿತಿಯಲ್ಲಿರುವವರ ಬಳಿ ಗಟ್ಟಿ ದಾರ ಇರಬಾರದೆಂಬ ಎಚ್ಚರಿಕೆ ಅಷ್ಟೇ. ಮಾತೆ ಮರಿಯಮ್ಮನವರಿಗೆ ಲೆಕ್ಕ ಒಪ್ಪಿಸಲು ಮಣಿಗಳೇ ಬೇಕಿಲ್ಲ. ಹತ್ತು ಬೆರಳುಗಳಿವೆ.

ಸಹಿ ಮಾಡುವ ಕಾಗದದಲ್ಲಿ ಏನಿದೆ?

"ಒಮ್ಮೆ ಒಳಗೆ ಹಾಕಿದರೆ ಮತ್ತೆ ಬಿಡುವುದಿಲ್ಲ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಹಳೆಯ ಕಾಲದ ನೆನಪು. ಈಗ ನಡೆಯುತ್ತಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಅದು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ ದಾಖಲಾತಿಗೆ ಮುಖ್ಯವಾಗಿ ಎರಡು ದಾರಿ.

ಒಂದು, ರೋಗಿ ತಾನೇ ಒಪ್ಪಿ ಸೇರುವುದು. ಹಾಗೆ ಸೇರಿದವರು ಮನೆಗೆ ಹೋಗುತ್ತೇನೆಂದರೆ ಬಿಡಬೇಕು. ಅಪಾಯವಿದೆ ಎಂದು ವೈದ್ಯರಿಗೆ ಅನಿಸಿದರೆ ಪರೀಕ್ಷಿಸಲು 24 ಗಂಟೆಯವರೆಗೆ ಉಳಿಸಿಕೊಳ್ಳಬಹುದು.

ಎರಡು, ರೋಗಿಗೆ ತನ್ನ ಸ್ಥಿತಿ ತಿಳಿದು ತೀರ್ಮಾನಿಸುವ ಶಕ್ತಿ ಕುಂದಿದ್ದು, ಗಂಭೀರ ಅಪಾಯ ಇರುವಾಗ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸುವುದು. ಸಾಮಾನ್ಯವಾಗಿ ಈ ಪ್ರತಿನಿಧಿ ಮನೆಯವರೇ. ಇದಕ್ಕೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಹೀಗೆ ಇಟ್ಟುಕೊಳ್ಳುವ ಅವಧಿ ಹೆಚ್ಚೆಂದರೆ 30 ದಿನ. ಅದಕ್ಕೂ ಮೀರಿ ಇರಬೇಕಾದರೆ ಹೊಸದಾಗಿ ಪರೀಕ್ಷೆ ಆಗಬೇಕು, ಮಾನಸಿಕ ಆರೋಗ್ಯದ ಪರಿಶೀಲನಾ ಮಂಡಳಿಯ ಒಪ್ಪಿಗೆಯೂ ಬೇಕು.

ಇನ್ನೂ ಕೆಲವು ಹಕ್ಕುಗಳನ್ನು ನೆನಪಿಡಿ. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಒಬ್ಬರನ್ನೇ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಬೇಕೆಂದರೆ ತನ್ನದೇ ಬಟ್ಟೆ ತೊಡಬಹುದು. ಭೇಟಿಗೆ ಬಂದವರನ್ನು ಕಾಣಲು, ಬೇಡವೆನ್ನಲು, ಫೋನಿನಲ್ಲಿ ಮಾತಾಡಲು ರೋಗಿಗೆ ಹಕ್ಕಿದೆ. ತೊಂದರೆಯಾದರೆ ದೂರು ಕೊಡಬಹುದು, ಉಚಿತ ಕಾನೂನು ನೆರವು ಕೇಳಬಹುದು. ತೀರಾ ಉದ್ವೇಗದಲ್ಲಿ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಕೈಕಾಲು ಹಿಡಿದಿಡುವುದುಂಟು. ಆದರೆ ಮನೋವೈದ್ಯರ ಅನುಮತಿ ಬೇಕು, ಕಾರಣ ಬರೆದಿಡಬೇಕು, ಅಗತ್ಯ ಮೀರಿ ಒಂದು ನಿಮಿಷವೂ ಮುಂದುವರಿಸಬಾರದು.

ಸರಪಳಿಯ ಮಾತು ಬಂದಾಗ 2001ರ ಆಗಸ್ಟ್ 6ನ್ನು ಮರೆಯಬಾರದು. ತಮಿಳುನಾಡಿನ ಏರವಾಡಿಯಲ್ಲಿ, ಹರಕೆಗೆಂದು ತಂದು ಬಿಟ್ಟಿದ್ದ 28 ಮಂದಿ ಮಾನಸಿಕ ರೋಗಿಗಳು, ಕಟ್ಟಿಹಾಕಿದ್ದರಿಂದ ಓಡಲಾಗದೆ ಬೆಂಕಿಗೆ ಬಲಿಯಾದರು. ಅದು ಬೇರೆ ಧರ್ಮದವರ ಕ್ಷೇತ್ರ ಎಂದು ನಾವು ಬೆರಳು ತೋರಿಸುವಂತಿಲ್ಲ. ಔಷಧವಿಲ್ಲದೆ ಬರೀ ಹರಕೆಯನ್ನೇ ನೆಚ್ಚಿ ಕೂತ ಮನೆಗಳು ನಮ್ಮಲ್ಲೂ ಇವೆ.

ಒಳಗಿನ ದಿನಚರಿ

ವಾರ್ಡಿನಲ್ಲಿ ಇನ್ನು ಯಾವ ಭೀಕರ ದೃಶ್ಯ ಕಾಣಬೇಕೋ ಎಂದು ಹೋದವರಿಗೆ ಅಲ್ಲಿ ಎದುರಾಗುವುದು ಹೆಚ್ಚಾಗಿ ಬೇಸರ. ಬೆಳಿಗ್ಗೆ ಬಿ.ಪಿ. ನೋಡುತ್ತಾರೆ. ಸ್ನಾನ, ತಿಂಡಿ, ಮಾತ್ರೆ. ಮಾತ್ರೆಯನ್ನು ನರ್ಸ್ ಎದುರಿಗೇ ನುಂಗಬೇಕು. ಆಮೇಲೆ ವೈದ್ಯರ ರೌಂಡ್ಸ್. ಕೆಲವರೊಡನೆ ಮನಃಶಾಸ್ತ್ರಜ್ಞರು ಕೂತು ಮಾತಾಡುತ್ತಾರೆ. ಸೋಷಿಯಲ್ ವರ್ಕರ್ ಮನೆಯ ಸ್ಥಿತಿಗತಿ, ಖರ್ಚು, ಕೆಲಸದ ವಿಚಾರ ಕೇಳುತ್ತಾರೆ. ಕಸೂತಿ, ಬುಟ್ಟಿ ಹೆಣಿಗೆ, ಚಿತ್ರ ಬಿಡಿಸುವುದು, ತೋಟದ ಕೆಲಸ ಮುಂತಾದವು ಕೆಲವು ಕಡೆ ಇರುತ್ತವೆ. ಇವು ಹೊತ್ತು ಕಳೆಯುವ ಆಟಗಳಲ್ಲ, ಚದುರಿದ ಗಮನವನ್ನು ಒಂದೆಡೆ ತರುವ ಚಿಕಿತ್ಸೆಯ ಭಾಗ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಭೇಟಿಯ ಸಮಯ. ರಾತ್ರಿ ಬೇಗ ದೀಪ ಆರುತ್ತದೆ. ಅಪಾಯವಿರುವವರನ್ನು ರಾತ್ರಿಯೆಲ್ಲ ಆಗಾಗ ಬಂದು ನೋಡಿ ಹೋಗುತ್ತಾರೆ.

ಕೆಲವು ವಾರ್ಡುಗಳ ಬಾಗಿಲಿಗೆ ಬೀಗವಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ನಮ್ಮ ದೇಶದಲ್ಲಿ ಹಲವು ಕಡೆ ಮನೆಯವರೊಬ್ಬರು ರೋಗಿಯ ಜೊತೆಗೇ ಉಳಿಯುವ ಪದ್ಧತಿ ಇದೆ. ಇದಕ್ಕೊಂದು ಒಳ್ಳೆಯ ಚರಿತ್ರೆಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ಆವರಣದಲ್ಲೇ ಡೇರೆ ಹೊಡೆಸಿ, ರೋಗಿಗಳ ಜೊತೆಗೆ ಅವರ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಕಾಯಿಲೆಯನ್ನು ಅರಿತರು, ಭಯ ಬಿಟ್ಟರು, ಗುಣವಾದವರನ್ನು ಮನೆಗೆ ಕರೆದುಕೊಂಡು ಹೋದರು. ಮುಂದೆ ನಿಮ್ಹಾನ್ಸ್‌ನಲ್ಲೂ ಕುಟುಂಬದ ಜೊತೆಗಿನ ಚಿಕಿತ್ಸೆ ಬೇರೂರಿತು.

ಮೊದಲ ವಾರ ರೋಗಿ ಬಹಳ ಮಲಗಬಹುದು. ಮಾತ್ರೆಯಿಂದ ಕೈ ನಡುಗಬಹುದು, ಬಾಯಿ ಒಣಗಬಹುದು, ಕತ್ತು ಸೆಟೆಯಬಹುದು, ಮುಂದೆ ತೂಕ ಹೆಚ್ಚಬಹುದು. "ಮಗನನ್ನು ಬೊಂಬೆ ಮಾಡಿಬಿಟ್ಟರು" ಎಂದು ಗಾಬರಿಯಾಗಬೇಡಿ. ವೈದ್ಯರಿಗೆ ಹೇಳಿ. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಖಿನ್ನತೆಯ ಮಾತ್ರೆ ತನ್ನ ಪೂರ್ಣ ಗುಣ ತೋರಲು ಕೆಲವು ವಾರಗಳೇ ಬೇಕು. ನಾಲ್ಕು ದಿನಕ್ಕೆ ಫಲ ಕಾಣಲಿಲ್ಲವೆಂದು ಬಿಡಿಸಿಕೊಂಡು ಬರಬಾರದು.

ಎಲ್ಲರೂ ಪಿಸುದನಿಯಲ್ಲಿ ಕೇಳುವುದು "ಕರೆಂಟ್ ಕೊಡುತ್ತಾರಂತೆ, ನಿಜವೇ?" ಎಂದು. ಊಟ ನೀರು ಬಿಟ್ಟ ತೀವ್ರ ಖಿನ್ನತೆ, ಪ್ರಾಣಾಪಾಯ, ಇತರ ಔಷಧಗಳು ಫಲಿಸದಿರುವುದು ಇಂಥ ಸಂದರ್ಭಗಳಲ್ಲಿ ಕೆಲವರಿಗೆ ಕೊಡುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಎಚ್ಚರವಿರುವವರನ್ನು ಹಿಡಿದು ಕೊಡುವುದಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಕೊಡುವುದನ್ನು 2017ರ ಕಾಯಿದೆಯೇ ನಿಷೇಧಿಸಿದೆ. ಆ ದಿನಗಳ ಕೆಲವು ನೆನಪು ಮಸುಕಾಗಬಹುದು. ಏಕೆ, ಎಷ್ಟು ಸಲ ಎಂದು ಧೈರ್ಯವಾಗಿ ಕೇಳಿ ತಿಳಿದುಕೊಳ್ಳಿ.

ವಾರ್ಡಿನಲ್ಲಿ ನಮ್ಮ ವಿಶ್ವಾಸ

ವಿಚಾರಣಾ ಗುರುಗಳಿಗೆ ತಿಳಿಸಿ. ರೋಗಿಗೆ ಮನಸ್ಸಿದ್ದರೆ, ವೈದ್ಯರ ಒಪ್ಪಿಗೆ ಪಡೆದು ಅವರು ಪರಮಪ್ರಸಾದ ತರಬಹುದು. ರೋಗಿಗಳ ಅಭ್ಯಂಗವು ಸಾಯುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ. ಗಂಭೀರ ಕಾಯಿಲೆಯವರ ಪರವಾಗಿ ಗುರುಗಳನ್ನು ಕೇಳಿಕೊಳ್ಳಬಹುದು. ಮಾತ್ರೆ ನುಂಗಿದರೆ ಪ್ರಸಾದದ ಉಪವಾಸ ಕೆಡುವುದಿಲ್ಲ. ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಆ ಒಂದು ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಆಸ್ಪತ್ರೆಯಲ್ಲಿದ್ದು ಭಾನುವಾರದ ಪೂಜೆ ತಪ್ಪಿದರೆ ಅದು ಪಾಪವಲ್ಲ.

ತಪಸ್ಸು ಕಾಲದ ಉಪವಾಸದಿಂದಲೂ ರೋಗಿಗಳಿಗೆ ವಿನಾಯಿತಿ ಇದೆ. ಲಿಥಿಯಂ ಮಾತ್ರೆ ಸೇವಿಸುವವರು ನೀರು, ಉಪ್ಪು ಬಿಟ್ಟರೆ ರಕ್ತದಲ್ಲಿ ಆ ಔಷಧ ಅಪಾಯದ ಮಟ್ಟಕ್ಕೆ ಏರಬಹುದು. ವಿಧೇಯತೆಯಿಂದ ಮಾತ್ರೆ ನುಂಗುವುದೇ ಅವರ ಪಾಲಿನ ತಪಸ್ಸು.

"ದೆವ್ವ ಹಿಡಿದಿರಬಹುದೇ?" ಎಂಬ ಪ್ರಶ್ನೆಗೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ಕಾಯಿಲೆ, ಅದರಲ್ಲೂ ಮಾನಸಿಕ ಕಾಯಿಲೆ ಬೇರೆಯೇ ವಿಷಯ, ಅದನ್ನು ನೋಡಿಕೊಳ್ಳುವುದು ವೈದ್ಯಶಾಸ್ತ್ರ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದ ಕಲಿಸುತ್ತದೆ. ಭೂತೋಚ್ಚಾಟನೆಯ ವಿಧಿಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು, ಅದಕ್ಕೂ ಮೊದಲು ಇದು ಕಾಯಿಲೆಯಲ್ಲವೆಂದು ಖಚಿತವಾಗಬೇಕು. ಆದ್ದರಿಂದ ಯಾವ ಧ್ಯಾನಕೂಟದಲ್ಲಾಗಲಿ, ಯಾರೇ ಆಗಲಿ, "ವಿಶ್ವಾಸವಿದ್ದರೆ ಮಾತ್ರೆ ಬಿಸಾಡು" ಎಂದರೆ ಕೇಳಬೇಡಿ. ಅದು ಧರ್ಮಸಭೆಯ ಮಾತಲ್ಲ.

ಸಂತರೊಬ್ಬರು ಅಲ್ಲಿದ್ದರು

ಬಾಲಯೇಸುವಿನ ಸಂತ ತೆರೇಸಮ್ಮನವರನ್ನು ನಮ್ಮಲ್ಲಿ ಅರಿಯದವರಿಲ್ಲ. ಅವರ ತಂದೆ ಲೂಯಿ ಮಾರ್ಟಿನ್ ಮೂರು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು?

ಲೂಯಿ ಫ್ರಾನ್ಸಿನ ಗಡಿಯಾರ ತಯಾರಕರು. ಐವರು ಹೆಣ್ಣುಮಕ್ಕಳ ತಂದೆ. ವಯಸ್ಸಾದಂತೆ ಪಾರ್ಶ್ವವಾಯು ತಗುಲಿತು, ನೆನಪು ತಪ್ಪತೊಡಗಿತು, ಭ್ರಮೆಗಳು ಕಾಡಿದವು. 1888ರಲ್ಲಿ ಹೇಳದೆ ಕೇಳದೆ ಮನೆ ಬಿಟ್ಟು ಹೋದರು, ಮಕ್ಕಳು ದಿನಗಟ್ಟಲೆ ಹುಡುಕಿದರು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ಪಟ್ಟಣದಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಬಾನ್ ಸೋವರ್ ಆಸ್ಪತ್ರೆಗೆ ಸೇರಿಸಬೇಕಾಯಿತು. ತೆರೇಸಮ್ಮನವರು ಕಾರ್ಮೆಲ್ ಮಠದಲ್ಲಿ ಸಭಾವಸ್ತ್ರ ಧರಿಸಿ ಒಂದು ತಿಂಗಳಾಗಿತ್ತಷ್ಟೇ. ಮಕ್ಕಳೆಲ್ಲ ಮಠ ಸೇರಿದ್ದೇ ಈ ತಂದೆಗೆ ಹೀಗಾಗಲು ಕಾರಣವೆಂದು ಆಡಿಕೊಂಡವರಿದ್ದರು. ಜನರ ಬಾಯಿ ಅಂದೂ ಇಂದೂ ಒಂದೇ. ಆದರೆ ಲಿಯೋನಿ, ಸೆಲಿನ್ ಎಂಬ ಇಬ್ಬರು ಮಕ್ಕಳು ತಂದೆಯ ಹತ್ತಿರವಿರಲು ಅದೇ ಪಟ್ಟಣದಲ್ಲಿ ಕೆಲವು ತಿಂಗಳು ಬಿಡಾರ ಹೂಡಿದರು. 1892ರಲ್ಲಿ ಲೂಯಿ ಮನೆಗೆ ಮರಳಿದರು, 1894ರಲ್ಲಿ ತೀರಿಕೊಂಡರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನೂ ಅವರ ಪತ್ನಿ ಜೆಲಿಯವರನ್ನೂ ಸಂತರೆಂದು ಘೋಷಿಸಿದರು.

ಮಾನಸಿಕ ಕಾಯಿಲೆ ಪಾಪದ ಶಿಕ್ಷೆಯಾಗಿದ್ದರೆ, ವಿಶ್ವಾಸದ ಕೊರತೆಯಾಗಿದ್ದರೆ, ಈ ತಂದೆಗೆ ಬರಬಾರದಿತ್ತು. 1996ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರವರು ಇದೇ ವಿಷಯವಾಗಿ ಮಾತನಾಡುತ್ತಾ, ಮನಸ್ಸಿನ ಕಾಯಿಲೆ ಮನುಷ್ಯನಲ್ಲಿರುವ ದೇವರ ಸ್ವರೂಪವನ್ನು ಅಳಿಸಲಾರದು ಎಂದು ಕಲಿಸಿದರು.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ದಿನಕ್ಕೆ ಎಲ್ಲವೂ ಮುಗಿಯುವುದಿಲ್ಲ. ಮನೆಗೆ ಬಂದ ಮೊದಲ ಕೆಲವು ವಾರಗಳೇ ಹೆಚ್ಚು ನಾಜೂಕು. ಆ ದಿನಗಳಲ್ಲಿ ಜೀವ ಕಳೆದುಕೊಳ್ಳುವ ಅಪಾಯ ಹೆಚ್ಚೆಂದು ವೈದ್ಯರು ಬಲ್ಲರು. ಮಾತ್ರೆಗಳು ಮನೆಯವರೊಬ್ಬರ ಕೈಯಲ್ಲಿರಲಿ. ಹೊಲದ ಕೀಟನಾಶಕ ಬೀಗದೊಳಗಿರಲಿ. ಮತ್ತೆ ಬರಬೇಕೆಂದು ಬರೆದುಕೊಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. "ಸಾಯಬೇಕು ಅನಿಸುತ್ತದೆಯಾ?" ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದ ಭಾರ ಹೊರಗೆ ಬರುತ್ತದೆ.

ಗುಣವಾಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಿದ್ದರಿಂದ ಮತ್ತೆ ವಾರ್ಡಿಗೆ ಬರುವವರು ಬಹಳ. ಸಕ್ಕರೆ ಕಾಯಿಲೆಯವರು ನಿಲ್ಲಿಸುತ್ತಾರೆಯೇ? ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಸಲಹೆಯನ್ನೂ ದಯವಿಟ್ಟು ಕೊಡಬೇಡಿ. ವಿವಾಹ ಒಂದು ಸಂಸ್ಕಾರ, ಚಿಕಿತ್ಸೆಯಲ್ಲ.

ದೂರದ ಊರಿನವರು ಪ್ರತಿಸಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಚಿಕಿತ್ಸೆ ಸಿಗುತ್ತದೆ. ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ. ಸಂಕಟದ ಗಳಿಗೆಯಲ್ಲಿ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ನೋಡಲು ಹೋದಾಗ

ಮೊದಲು ಮನೆಯವರನ್ನು ಕೇಳಿ. ರೋಗಿಗೆ ಬೇಡವೆನಿಸಿದರೆ ಹಣ್ಣನ್ನು ಕೊಟ್ಟು, ಹೊರಗೆ ಕೂತ ತಾಯಿಯ ಪಕ್ಕ ಹತ್ತು ನಿಮಿಷ ಕೂತು ಬನ್ನಿ, ಸಾಕು. ಒಳಗೆ ಹೋದರೆ ಇಬ್ಬರಿಗಿಂತ ಹೆಚ್ಚು ಬೇಡ. "ಏನಾಯ್ತು? ಯಾಕೆ ಹೀಗೆ ಮಾಡಿದೆ?" ಎಂದು ಕೆದಕಬೇಡಿ. ಭ್ರಮೆಯ ಮಾತಾಡಿದರೆ ವಾದಿಸಲೂ ಬೇಡಿ, ಹೌದೆನ್ನಲೂ ಬೇಡಿ. "ನಿನಗೆ ಕಷ್ಟ ಆಗ್ತಿದೆ ಅಂತ ಕಾಣುತ್ತೆ" ಎಂದರೆ ಸಾಕು. ಊರಿನ ಸುದ್ದಿ, ಕ್ರಿಕೆಟ್ಟು, ಚರ್ಚಿನ ಗಾಯನವೃಂದದ ಸುದ್ದಿ ಹೇಳಿ. ಪ್ರಾರ್ಥಿಸಲೇ ಎಂದು ಕೇಳಿ, ಒಪ್ಪಿದರೆ ಒಂದು ಪರಲೋಕ ಮಂತ್ರ ಮೆಲ್ಲಗೆ ಹೇಳಿ. ಹೊರಗೆ ಬಂದ ಮೇಲೆ ಒಳಗೆ ಕಂಡದ್ದನ್ನು ಬೀದಿಯಲ್ಲಿ ಹಂಚಬೇಡಿ.

ಆ ಹುಡುಗನ ವಿಚಾರ ಹೇಳಿ ಮುಗಿಸುತ್ತೇನೆ. ಮೂರು ವರ್ಷಗಳ ನಂತರ ಔಷಧ ಬದಲಿಸಲು ಅವನು ಮತ್ತೆ ಒಂಬತ್ತು ದಿನ ಆಸ್ಪತ್ರೆ ಸೇರಬೇಕಾಯಿತು. ಈ ಬಾರಿ ತಾಯಿ ಮಗನನ್ನೇ ಕೇಳಿದಳು, ಅವನು ಹೂಂ ಎಂದ. ಆಕೆ ಗುರುಮನೆಗೆ ಹೋಗಿ, "ಫಾದರ್, ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ" ಎಂದಳು. ಹೆಸರು ಕೇಳಿ ನಾವೂ ಇಬ್ಬರು ಹೋದೆವು. ಅವನು ಕಿತ್ತಳೆ ಸುಲಿದು ಪಕ್ಕದ ಮಂಚದವನಿಗೂ ಕೊಟ್ಟ. ಆ ಸಂಜೆ ತಾಯಿ ಒಬ್ಬಳೇ ಬಸ್ಸು ಹತ್ತಲಿಲ್ಲ.

ಕುಟುಂಬದಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ನಾವು ಮೊದಲು ಯಾರಿಗೆ ಹೇಳುತ್ತೇವೆ? ಯಾರಿಂದ ಮುಚ್ಚಿಡುತ್ತೇವೆ? ಏಕೆ?

2. "ಹುಚ್ಚ", "ಮೆಂಟಲ್" ಎಂಬ ಮಾತುಗಳನ್ನು ನಾವು ತಮಾಷೆಗೆ ಎಷ್ಟು ಸಲ ಬಳಸುತ್ತೇವೆ? ಅದನ್ನು ಕೇಳಿಸಿಕೊಂಡವರಲ್ಲಿ ಯಾರಿಗೆ ನೋವಾಗಿರಬಹುದು?

3. ನಮ್ಮ ವಾರ್ಡಿನಲ್ಲಿ ಒಬ್ಬರೇ ಬಸ್ಸು ಹತ್ತುತ್ತಿರುವವರು ಯಾರಾದರೂ ಇದ್ದಾರೆಯೇ?

ಪ್ರಾರ್ಥನೆ

ಪ್ರಭು ಯೇಸುವೇ, ಗೆತ್ಸೆಮನಿ ತೋಟದಲ್ಲಿ ನಿಮ್ಮ ಮನಸ್ಸೂ ನೊಂದಿತು, ಜೊತೆಗೆ ಎಚ್ಚರವಿರಿ ಎಂದು ಗೆಳೆಯರನ್ನು ನೀವೂ ಬೇಡಿಕೊಂಡಿರಿ. ಮನಸ್ಸಿನ ಕತ್ತಲೆಯಲ್ಲಿರುವ ನಮ್ಮ ಸಹೋದರ ಸಹೋದರಿಯರ ಪಕ್ಕದಲ್ಲಿರಿ. ಅವರನ್ನು ನೋಡಿಕೊಳ್ಳುವ ವೈದ್ಯರಿಗೂ ನರ್ಸುಗಳಿಗೂ ತಾಳ್ಮೆ ಕೊಡಿ. ಮನೆಯವರ ನಾಚಿಕೆ ನೀಗಿಸಿ. ನಮ್ಮನ್ನು ನಿದ್ದೆಯಿಂದ ಎಬ್ಬಿಸಿ, ಅವರ ಬಾಗಿಲಿಗೆ ಕಳುಹಿಸಿರಿ. ಆಮೆನ್.